ಕೆಸರು ನೋಡಲು ಬಂದವರು

ಹೋದ ವರ್ಷ ಮಳೆ ಮುಗಿದ ಮೇಲೆ ಅವ್ವನನ್ನು ಹೊನ್ನಾವರಕ್ಕೆ ಕರೆದುಕೊಂಡು ಹೋಗಿದ್ದೆ. ನೆಂಟರ ಮನೆಯ ಕೆಲಸ ಬೇಗ ಮುಗಿಯಿತು. ಕುಮಟೆಗೆ ವಾಪಸು ಬರಲು ಇನ್ನೂ ಹೊತ್ತಿತ್ತು. ಕಾಸರಕೋಡಿನ ಹತ್ತಿರ ಶರಾವತಿಯ ಅಳಿವೆಯಲ್ಲಿ, ಕಾಂಡ್ಲಾ ಕಾಡಿನ ನಡುವೆ, ಕಾಲಿಗೆ ಕೆಸರು ತಾಗದ ಹಾಗೆ ಅಟ್ಟದ ಹಾದಿ ಮಾಡಿದ್ದಾರೆ. ನೋಡಿ ಬರೋಣ ಎಂದೆ.

ಹಾದಿಯ ತುಂಬ ಪೇಟೆಯ ಜನ. ಗಿಡಕ್ಕೊಂದು ಫೋಟೋ, ಬೇರಿಗೊಂದು ಫೋಟೋ. ಅವ್ವ ಕಟಕಟೆ ಹಿಡಿದು ಕೆಳಗೆ ನೋಡುತ್ತಾ ನಿಂತಳು.

"ಇವ್ರೆಲ್ಲ ಯಂತಾ ನೋಡುಕೆ ಬಂದದ್ದು ತಮಾ?"

"ಕಾಂಡ್ಲಾ ನೋಡ್ಲಿಕ್ಕೆ."

"ಕೆಸ್ರು ನೋಡುಕೆ ದುಡ್ಡು ಖರ್ಚು ಮಾಡ್ಕಂಡು ಬತ್ರಾ?" ನಕ್ಕಳು. ಸ್ವಲ್ಪ ಹೊತ್ತಿನ ಮೇಲೆ ನಗು ನಿಲ್ಲಿಸಿ ಅಂದಳು: "ನಾ ಇದ್ನ ಮೇಲಿಂದ ನೋಡಿದ್ದು ಇವತ್ತೇ."

ಆ ಮಾತು ನನ್ನೊಳಗೆ ಮುಳ್ಳಿನಂತೆ ಕೂತಿತು.

ನಮ್ಮದು ಅಘನಾಶಿನಿ ದಂಡೆಯ ಮುಕ್ರಿ ಕೇರಿ. ಅವ್ವ ನಲವತ್ತು ವರ್ಷ ಬಳಚು ಆಯ್ದವಳು. ನೀರು ಇಳಿಯುವ ಹೊತ್ತು ನೋಡಿ ಹೊರಡಬೇಕು. ಅದು ನಸುಕಿನಲ್ಲಾದರೆ ನಸುಕಿನಲ್ಲಿ, ಮಟಮಟ ಮಧ್ಯಾಹ್ನವಾದರೆ ಮಧ್ಯಾಹ್ನ. ಮೊಣಕಾಲ ಮಟ್ಟದ ಕೆಸರಿನಲ್ಲಿ ಚಿಪ್ಪನ್ನು ಕಣ್ಣು ಹುಡುಕುವುದಿಲ್ಲ, ಪಾದ ಹುಡುಕುತ್ತದೆ. ಪಾದ ಕೊಯ್ದುಕೊಂಡೇ ಹುಡುಕುತ್ತದೆ. ಬುಟ್ಟಿ ತುಂಬಿದರೆ ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಬೇಕು. ನನ್ನ ಪಾಟಿ, ಪುಸ್ತಕ, ಟಿ.ಸಿ.ಎಚ್. ಕಾಲೇಜಿನ ಫೀಸು ಎಲ್ಲ ಆ ಕೆಸರಿನಿಂದ ಬಂದದ್ದು. ಕೂಲಿಗೆ ಕಾಂಡ್ಲಾ ಸಸಿ ನೆಟ್ಟವಳೂ ಅವಳೇ.

2024ರಲ್ಲಿ ಅಘನಾಶಿನಿ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿತು. ಲೋಕಕ್ಕೇ ಬೇಕಾದ ಜೌಗು ನೆಲವೆಂದು ಪತ್ರಿಕೆಯಲ್ಲಿ ಬಂತು. ಸಂತೋಷವೇ. ಆದರೆ ಅದು ಹೇಗೆ ಉಳಿಯಿತು? ಉಪ್ಪುನೀರಿನ ಗಜನಿಯಲ್ಲಿ ಕಗ್ಗ ಭತ್ತ ಬೆಳೆದವರು, ಕಟ್ಟೆ ಒಡೆದಾಗೆಲ್ಲ ಮಣ್ಣು ಹೊತ್ತವರು ಉಳಿಸಿದರು. ತದಡಿಗೆ ಉಷ್ಣ ವಿದ್ಯುತ್ ಸ್ಥಾವರ ಬರುತ್ತದೆಂದಾಗ ಬೇಡವೆಂದು ನಿಂತವರಲ್ಲಿ ನದಿಯನ್ನೇ ನಂಬಿ ಉಣ್ಣುವ ಜನರಿದ್ದರು. ಅವರು ನಿಲ್ಲದಿದ್ದರೆ ಇವತ್ತು ನೋಡಲು ಏನಿರುತ್ತಿತ್ತು?

ನನ್ನ ಅಜ್ಜ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದ. ಆ ಸುಣ್ಣ ಬಳಿದ ದೇವಸ್ಥಾನದ ಗೋಡೆ ದೂರದಿಂದಲೇ ಬೆಳ್ಳಗೆ ಹೊಳೆಯುತ್ತಿತ್ತಂತೆ. ಅಜ್ಜ ಅದನ್ನು ದೂರದಿಂದಲೇ ನೋಡಿದ. ಸುಣ್ಣ ಒಳಗೆ ಹೋಯಿತು, ಸುಟ್ಟವನು ಹೊರಗುಳಿದ.

ನಮ್ಮ ಮೂರು ತಾಲೂಕುಗಳಲ್ಲಿ ನೋಡುವ ಜಾಗಗಳಿಗೇನೂ ಕೊರತೆಯಿಲ್ಲ. ಕುಮಟೆಯಲ್ಲಿ ಗೋಕರ್ಣ, ಯಾಣ, ಮಿರ್ಜಾನ ಕೋಟೆ. ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿಯ ಹೆಸರನ್ನು ಮಕ್ಕಳು ಪಟಪಟ ಹೇಳುತ್ತವೆ. ಕೋಟೆಗೆ ಕೆಂಪುಕಲ್ಲು ಹೊತ್ತವರ ಒಂದೇ ಒಂದು ಹೆಸರು ಯಾರಿಗೂ ಗೊತ್ತಿಲ್ಲ. ಭಟ್ಕಳ ತಾಲೂಕಿನ ಮುರ್ಡೇಶ್ವರದಲ್ಲಿ 123 ಅಡಿಯ ಶಿವ. ಪಕ್ಕದ 20 ಅಂತಸ್ತಿನ ಗೋಪುರಕ್ಕೆ ಲಿಫ್ಟು. ಮೇಲಿಂದ ನೋಡಿದರೆ ಕಡಲು, ದೋಣಿ, ಬಲೆ ಎಲ್ಲ ಚಂದ. ಬಲೆ ಎಳೆಯುವವನ ಅಂಗೈ ಮಾತ್ರ ಅಲ್ಲಿಂದ ಕಾಣುವುದಿಲ್ಲ.

ಕಾಸರಕೋಡಿನ ಕಡಲದಂಡೆಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಸಿಕ್ಕಿತು. ಶುಚಿಯಾದ ದಂಡೆಗೆ ಹೊರದೇಶದ ಸಂಸ್ಥೆ ಕೊಡುವ ನೀಲಿ ಬಾವುಟ ಅದು. ಅದೇ ಕಾಸರಕೋಡಿನ ಟೊಂಕದಲ್ಲಿ ಹೆಂಗಸರು ಮರಳಿನ ಮೇಲೆ ಮೀನು ಒಣಗಿಸಿ ಬದುಕುತ್ತಾರೆ. ಅಲ್ಲಿ ಖಾಸಗಿ ಬಂದರು ಬೇಡವೆಂದು ಮೀನುಗಾರರು ವರ್ಷಗಟ್ಟಲೆ ಹೋರಾಡಿದ್ದಾರೆ, ಕೇಸು ಹಾಕಿಸಿಕೊಂಡಿದ್ದಾರೆ. ಒಂದೇ ಮರಳು. ಈ ತುದಿಯಲ್ಲಿ ಮಲಗಿ ಬಿಸಿಲು ಕಾಯಿಸಿಕೊಳ್ಳುವವರು, ಆ ತುದಿಯಲ್ಲಿ ಅದೇ ಬಿಸಿಲಲ್ಲಿ ಅನ್ನ ಒಣಗಿಸಿಕೊಳ್ಳುವವರು.

ಹಸಿರು ಬೇಡ, ಪ್ರವಾಸಿಗರು ಬೇಡ ಅಂತ ನಾನು ಹೇಳುತ್ತಿಲ್ಲ. ಕಾಡು, ಕಡಲು ನೋಡಿ ಖುಷಿಪಡುವ ಹಕ್ಕು ಎಲ್ಲರದು, ನನ್ನ ಅವ್ವನದೂ ಹೌದು. ದುಡಿಯುವ ಜಾಗವನ್ನು ನೋಡುವ ಜಾಗ ಮಾಡುವಾಗ ದುಡಿದವರನ್ನು ಚಿತ್ರದಿಂದ ಅಳಿಸಬೇಡಿ, ಅಷ್ಟೆ. ಕಾಂಡ್ಲಾದ ಬಗ್ಗೆ ಬೋರ್ಡು ಬರೆಯುವವರು ಅದರ ಬುಡದಲ್ಲಿ ಬಳಚು ಆಯುವ ಹೆಂಗಸಿನ ಬಗ್ಗೆಯೂ ಎರಡು ಸಾಲು ಬರೆಯಲಿ. ನಾಳೆ ಬೇಲಿ ಹಾಕುವ ಮೊದಲು ಅವಳನ್ನು ಒಂದು ಮಾತು ಕೇಳಲಿ.

ಬೇರೆಯವರಿಗೆ ಹೇಳಿದ್ದು ಸಾಕು. ನಾನೂ ಮೇಷ್ಟ್ರು. ಹದಿನೆಂಟು ವರ್ಷ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗಿದ್ದೇನೆ. ವಾಪಸು ಬಂದ ಮೇಲೆ ಪ್ರಬಂಧ ಬರೆಸಿದ್ದೇನೆ. ಶಿವನ ಎತ್ತರ ಎಷ್ಟು, ರಾಣಿಯ ಹೆಸರೇನು ಎಂದು ಕೇಳಿದ್ದೇನೆ. ಶಾಲೆಯಿಂದ ಅರ್ಧ ಗಂಟೆಯ ದಾರಿಯಲ್ಲಿರುವ ಅವ್ವನ ಕೆಸರಿಗೆ ಒಂದು ದಿನವೂ ಕರೆದುಕೊಂಡು ಹೋಗಲಿಲ್ಲ. ಯಾಕೆ? ಮಕ್ಕಳಿಗೆ ಮೇಷ್ಟ್ರ ಕೇರಿ ಗೊತ್ತಾಗಿಬಿಡುತ್ತದೆ ಎಂಬ ಅಂಜಿಕೆ. ಸಭೆಯಲ್ಲಿ ಬಾಬಾಸಾಹೇಬರ ಬಗ್ಗೆ ಗಂಟೆಗಟ್ಟಲೆ ಮಾತಾಡುವ ನಾನು ಅವ್ವನ ಬುಟ್ಟಿಯನ್ನು ಮುಚ್ಚಿಟ್ಟಿದ್ದೆ. ಅವಳನ್ನು ಚಿತ್ರದಿಂದ ಮೊದಲು ಅಳಿಸಿದವನು ನಾನೇ.

ಈ ವರ್ಷ ಪ್ರವಾಸದ ಪಟ್ಟಿಯಲ್ಲಿ ಮೊದಲ ಹೆಸರು ನಮ್ಮ ಕೇರಿಯ ಹಿಂದಿನ ಕೆಸರು. ಹೇಳಿಕೊಡುವವಳು ಅವ್ವ. ಮಕ್ಕಳು ಬರುತ್ತಾರೆಂದು ತಿಳಿಸಿದಾಗ ಅವಳು ಮೊದಲು ನಂಬಲಿಲ್ಲ. ಆಮೇಲೆ ನೀರು ಇಳಿಯುವ ಹೊತ್ತನ್ನು ಬೆರಳಲ್ಲೇ ಲೆಕ್ಕ ಹಾಕಿ ದಿನ ಗೊತ್ತು ಮಾಡಿದಳು.

"ಮಕ್ಳಿಗೆ ಚಪ್ಲಿ ಬಿಟ್ಟು ಬರುಕೆ ಹೇಳು ತಮಾ," ಅಂದಳು.