ಭಾವನ ಗಾಡಿಗೆ ಮೂರನೇ ಪೆಡಲ್

ಮುಂಬೈಯಲ್ಲಿ ಆಟೊಮ್ಯಾಟಿಕ್ ಕಾರು ಈಗ ಯಾರಿಗೂ ಅಚ್ಚರಿಯಲ್ಲ. ಸಯಾನ್ ಸರ್ಕಲ್ಲಿನಲ್ಲಿ ಕ್ಲಚ್ ಒತ್ತಿ ಒತ್ತಿ ಮೊಣಕಾಲು ನೋವು ಹತ್ತಿದವರೆಲ್ಲ ಅದನ್ನೇ ಕೇಳುತ್ತಾರೆ. 2014ರಲ್ಲಿ ಸೆಲೆರಿಯೊ ಎಎಂಟಿ ಬಂದ ಮೇಲೆ ನಮ್ಮಂಥವರ ಕೈಗೂ ಎಟುಕಿತು. ಅದಕ್ಕೆ ಮೊದಲು ಸಣ್ಣ ಕಾರಿನಲ್ಲಿ ಆಯ್ಕೆ ತೀರಾ ಕಡಿಮೆ. ಮಾರುತಿ ಝೆನ್‌ನಲ್ಲಿ ಮೂರು ಗೇರಿನ ಆಟೊಮ್ಯಾಟಿಕ್ ಮಾದರಿಯೊಂದಿತ್ತು. ಅದನ್ನು ಶೋಕಿಗೆ ಕೊಂಡವರಿಗಿಂತ ಬೇರೆ ದಾರಿಯಿಲ್ಲದೆ ಕೊಂಡವರನ್ನೇ ನಾನು ಹೆಚ್ಚು ಕಂಡಿದ್ದೇನೆ. ನನ್ನ ಭಾವ ಅವರಲ್ಲೊಬ್ಬರು.

ಹೊನ್ನಾವರದಲ್ಲಿ ಮೂರು ವರ್ಷದ ಮಗುವಾಗಿದ್ದಾಗ ಬಂದ ಪೋಲಿಯೊ ಅವರ ಎಡಗಾಲಿನ ಶಕ್ತಿ ತೆಗೆದುಕೊಂಡು ಹೋಗಿತ್ತು. ಕಲೀನಾದ ಮನೆಯಿಂದ ಚೆಂಬೂರಿನ ಆಫೀಸಿಗೆ ಹನ್ನೆರಡು ವರ್ಷ ಬಲಗಾಲೊಂದರಲ್ಲೇ ಕಾರು ಓಡಿಸಿದರು. ಅಂಗವಿಕಲರ ವಾಹನಕ್ಕೆ 1988ರ ಮೋಟಾರು ವಾಹನ ಕಾಯ್ದೆ ಇಟ್ಟಿದ್ದ ಹೆಸರು 'ಇನ್‌ವ್ಯಾಲಿಡ್ ಕ್ಯಾರೇಜ್'. "ಅಶಕ್ತರ ಬಂಡಿಯಂತೆ! ಹೆಸರಿಟ್ಟವರು ಒಂದು ದಿನ ನನ್ನ ಹಿಂದೆ ಬರಲಿ" ಎಂದು ಭಾವ ನಗುತ್ತಿದ್ದರು. 2019ರ ತಿದ್ದುಪಡಿಯಲ್ಲಿ ಆ ಹೆಸರು ಹೋಯಿತು. ಅಷ್ಟರಲ್ಲಿ ಭಾವ ಕಾರು ಬಿಟ್ಟು ಆರು ವರ್ಷವಾಗಿತ್ತು.

2005ರ ಜುಲೈ 26, ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಈ ಕಾರು ಸೀಟಿನವರೆಗೆ ಮುಳುಗಿತ್ತು. ತೊಳೆದು, ಒಣಗಿಸಿ, ಎಣ್ಣೆ ಬದಲಿಸಿ ಮತ್ತೆ ಓಡಿಸಿದೆವು. 2013ರ ಹೊತ್ತಿಗೆ ರಿವರ್ಸ್ ಸತ್ತೇಹೋಯಿತು. 'ಡಿ'ಗೆ ಹಾಕಿದರೂ ಎಂಜಿನ್ ಅರಚುತ್ತಿತ್ತೇ ಹೊರತು ಗಾಡಿ ಮುಂದಕ್ಕೆ ಹೋಗುತ್ತಿರಲಿಲ್ಲ. ಕೆಂಪಗಿರಬೇಕಾದ ಗೇರ್ ಎಣ್ಣೆ ಕರಟಿದ ಕಷಾಯದಂತಾಗಿತ್ತು. ಆಟೊಮ್ಯಾಟಿಕ್ ಡಬ್ಬಿ ರಿಪೇರಿಗೆ ಹೇಳಿದ ಮೊತ್ತಕ್ಕೆ ಇನ್ನೊಂದು ಹಳೆಯ ಕಾರೇ ಬರುತ್ತಿತ್ತು. ಮ್ಯಾನ್ಯುವಲ್ ಡಬ್ಬಿಯಾದರೆ ಕುರ್ಲಾದ ಸಿಎಸ್‌ಟಿ ರೋಡಿನ ಗುಜರಿ ಅಂಗಡಿಗಳಲ್ಲಿ ಬೇಕಾದಷ್ಟು. ತೀರ್ಮಾನ ಭಾವನದ್ದೇ: "ಗುಜರಿಗೆ ಬೇಡ. ಮಗಳು ಲೈಸೆನ್ಸ್ ತಗೊಂಡಿದ್ದಾಳೆ, ಅವಳು ಓಡಿಸಲಿ."

ಕ್ಲಚ್ಚನ್ನು ಕೈಗೆ ತರುವ ಲಿವರ್ ಹಾಕಿಕೊಡುತ್ತೇನೆ ಎಂದು ಮಿಸ್ತ್ರಿ ಹೇಳಿದ. ಭಾವ ಒಪ್ಪಲಿಲ್ಲ. "ಒಂದು ಕೈಗೆ ಕ್ಲಚ್ಚು, ಒಂದು ಕೈಗೆ ಸ್ಟೇರಿಂಗು. ಗೇರಿಗೆ ನಿನ್ನ ಅಕ್ಕನ ಕೈ ಬೇಕಾಗ್ತದೆ." (ಆರ್‌ಸಿಯ ವಿವರಕ್ಕೆ ಹೊಂದದ ಬದಲಾವಣೆಯನ್ನು ಕಾಯ್ದೆಯ 52ನೇ ಕಲಂ ಒಪ್ಪುವುದಿಲ್ಲ. ಇಂಥದ್ದಕ್ಕೆ ಕೈ ಹಾಕುವವರು ಬಿಚ್ಚುವ ಮೊದಲೇ ಆರ್‌ಟಿಓದಲ್ಲಿ ಕೇಳಿಕೊಳ್ಳಿ. ನಮ್ಮಲ್ಲಿ ಆ ಓಡಾಟವೆಲ್ಲ ಅಕ್ಕನದು.)

ಎಣ್ಣೆ ಇಳಿಸಿದರು, ರೇಡಿಯೇಟರಿಗೆ ಹೋಗುವ ಕೂಲರ್ ಪೈಪು ಬಿಚ್ಚಿದರು, ಎರಡೂ ಕಡೆಯ ಡ್ರೈವ್ ಶಾಫ್ಟ್ ಎಳೆದರು, ಎಂಜಿನ್ನನ್ನು ಮೇಲಿನಿಂದ ಸರಪಳಿಗೆ ತೂಗುಹಾಕಿದರು. ಬೋಲ್ಟೆಲ್ಲ ಹೊರಗೆ ಬಂತು. ಡಬ್ಬಿ ಮಾತ್ರ ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ.

ಹುಡುಗನೊಬ್ಬ ಸಂದಿಗೆ ಹಾರೆ ತುರುಕಲು ಹೋದ. ಮಿಸ್ತ್ರಿ ಗದರಿದ. ಮೈ ಅಲ್ಯೂಮಿನಿಯಂನದು, ಒಂದೇ ಕಡೆ ಮೀಟಿದರೆ ಸೀಳುತ್ತದೆ. ಆಟೊಮ್ಯಾಟಿಕ್‌ನಲ್ಲಿ ಇನ್ನೊಂದು ತೊಡಕಿದೆ. ಎಂಜಿನ್ನಿಗೂ ಡಬ್ಬಿಗೂ ನಡುವೆ ಕ್ಲಚ್ ಬದಲು ಟಾರ್ಕ್ ಕನ್ವರ್ಟರ್ ಇರುತ್ತದೆ, ಕುಂಬಳಕಾಯಿಯಂತೆ ಉಬ್ಬಿದ, ಎಣ್ಣೆ ತುಂಬಿದ ಗುಂಡು. ಅದನ್ನು ಎಂಜಿನ್ನಿನ ತಟ್ಟೆಗೆ ಹಿಡಿದ ಬೋಲ್ಟುಗಳು ಹೊರಗೆ ಕಾಣುವುದಿಲ್ಲ. ಸಣ್ಣ ಕಿಂಡಿಯಲ್ಲಿ ಪಾನಾ ಹಾಕಿ, ಎಂಜಿನ್ನನ್ನು ಕೈಯಿಂದ ತಿರುಗಿಸುತ್ತ, ಒಂದೊಂದನ್ನೇ ಕಿಂಡಿಗೆ ತಂದು ಬಿಚ್ಚಬೇಕು. ಒಂದು ಉಳಿದರೂ ಡಬ್ಬಿ ಬಾರದು. ಎಳೆದಾಡಿದರೆ ಒಳಗಿನ ಪಂಪು ಹಾಳು. ಮಿಸ್ತ್ರಿ ಮತ್ತೆ ಎಣಿಸಿದ. ಎಲ್ಲವೂ ಬಂದಿದ್ದವು.

ಉಳಿದದ್ದು ಡೋವೆಲ್, ಎರಡು ಮೈಗಳನ್ನು ನೇರಕ್ಕೆ ಕೂರಿಸುವ ಸಣ್ಣ ಉಕ್ಕಿನ ಗೂಟಗಳು. ಮಹಾಪೂರದ ನೀರು ಅಲ್ಲಿ ಇಳಿದು ತುಕ್ಕಾಗಿ ಅವೆರಡನ್ನೂ ಬೆಸೆದಂತೆ ಹಿಡಿದಿತ್ತು. ಮಿಸ್ತ್ರಿ ತುಕ್ಕು ಬಿಡಿಸುವ ಎಣ್ಣೆ ಹೊಡೆದು, "ಇವತ್ತು ಇದನ್ನು ಮುಟ್ಟಬೇಡಿ" ಎಂದು ಹೊರಟೇಹೋದ. ಈ ಕಸುಬಿನಲ್ಲಿ ಅಷ್ಟು ತಾಳ್ಮೆಯವನನ್ನು ನಾನು ಬೇರೆ ನೋಡಿಲ್ಲ.

ಮರುದಿನ ಮರದ ತುಂಡು ಇಟ್ಟು ಸುತ್ತಲೂ ಮೆಲ್ಲಗೆ ಬಡಿದ. ಎರಡು ತೆಳು ಬೆಣೆಗಳನ್ನು ಎದುರುಬದುರು ಇಟ್ಟು, ಇದಕ್ಕೊಂದು ಪೆಟ್ಟು, ಅದಕ್ಕೊಂದು ಪೆಟ್ಟು. ಮಧ್ಯಾಹ್ನದ ಚಹಾದ ಹೊತ್ತಿಗೆ ಬೆರಳು ಹೋಗುವಷ್ಟು ಸಂದಿ ಬಿಟ್ಟಿತು. ಕನ್ವರ್ಟರ್ ಜಾರದಂತೆ ಡಬ್ಬಿಗೇ ಒತ್ತಿ ಹಿಡಿದು ಜಾಕಿನ ಮೇಲೆ ಇಳಿಸಿದರು.

ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಭಾವ ಕೋಲೂರಿ ಎದ್ದು ಬಂದರು. ಬಗ್ಗಿ ಮುಟ್ಟಿ ನೋಡಿದರು. "ಹನ್ನೆರಡು ವರ್ಷ ನನ್ನ ಎಡಗಾಲಿನ ಕೆಲಸ ಮಾಡಿದ್ದು ಇದೇ ಏನು?" ಮಿಸ್ತ್ರಿಗೆ ಕನ್ನಡ ಬಾರದು. ನಾನೂ ಹಿಂದಿಗೆ ತಿರುಗಿಸಿ ಹೇಳಲಿಲ್ಲ.

ಮುಂದಿನದು ಜೋಡಣೆ. ಫ್ಲೈವೀಲು, ಕ್ಲಚ್ ಪ್ಲೇಟು, ಕೇಬಲ್ಲು, ಮೂರನೇ ಪೆಡಲ್ಲು. ಎಲ್ಲ ಮುಗಿದ ಮೇಲೆ ಸ್ಟಾರ್ಟರ್ ಮಾತ್ರ ತಿರುಗಲಿಲ್ಲ. ಹುಡುಗರು ಬ್ಯಾಟರಿ ನೋಡುತ್ತಿದ್ದರು. ಭಾವ ಕೂತಲ್ಲಿಂದಲೇ, "ಅದು 'ಪಿ' ಅಥವಾ 'ಎನ್'ನಲ್ಲಿ ಇದ್ದರೆ ಮಾತ್ರ ಸ್ಟಾರ್ಟ್ ಆಗೋ ಗಾಡಿ. ಪಾರ್ಕಿನಲ್ಲಿದ್ದೀಯ ಅಂತ ಅದಕ್ಕೊಂದು ಸುಳ್ಳು ಹೇಳಿ" ಎಂದರು. ಹಳೆಯ ಸ್ವಿಚ್ಚಿನ ಎರಡು ತಂತಿ ಕೂಡಿಸಿದ ಕೂಡಲೇ ಎಂಜಿನ್ ಎದ್ದಿತು.

ಆ ಭಾನುವಾರ ಮಗಳು ಓಡಿಸಿದಳು, ಭಾವ ಪಕ್ಕದ ಸೀಟಿನಲ್ಲಿ. ವಾಕೋಲಾ ಸಿಗ್ನಲ್ಲಿನಲ್ಲಿ ಕಾರು ಮೂರು ಸಲ ಕುಕ್ಕರಿಸಿ ನಿಂತಿತು. ಹಿಂದೆ ರಿಕ್ಷಾಗಳ ಹಾರ್ನು. ಅವಳು ಅಪ್ಪನ ಮುಖ ನೋಡಿದಳು.

"ಎಡಗಾಲಿನ ವಿಷಯ ನನ್ನ ಕೇಳಬೇಡ ಮಗಾ" ಎಂದರು ಭಾವ. "ಬಲಗಾಲು ಸ್ವಲ್ಪ ಜಾಸ್ತಿ ಒತ್ತು."