ಲೆಕ್ಕಕ್ಕೆ ಸಿಗುವ ಪ್ರೇಕ್ಷಕರು

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ನಿಲಂಗಾ, ಉದಗೀರ ತಾಲ್ಲೂಕುಗಳು ಬೀದರ ಜಿಲ್ಲೆಯಿಂದ ಬೇರ್ಪಟ್ಟು ಮುಂಬಯಿ ರಾಜ್ಯಕ್ಕೆ ಸೇರಿದವು. ನಮ್ಮ ಮನೆಮಾತು ಮಾತ್ರ ಕನ್ನಡವಾಗಿಯೇ ಉಳಿಯಿತು. ಉಮರ್ಗಾ ಸೇರಿದಂತೆ ಈ ಭಾಗದ ಚಿತ್ರಮಂದಿರಗಳಿಗೆ ಕನ್ನಡ ಚಿತ್ರ ಬರುವುದು ಅಪರೂಪ. ನೋಡಬೇಕೆಂದರೆ ಬೀದರ ಇಲ್ಲವೇ ಕಲಬುರಗಿಯ ಬಸ್ಸು ಹತ್ತಬೇಕು. ಆದುದರಿಂದ ಕಳ್ಳಪ್ರತಿಯ ಜಾಲತಾಣಗಳ ವಿಷಯ ಬಂದಾಗ "ನಮಗ್ಯಾರು ತಂದು ತೋರಿಸ್ತಾರ್ರಿ?" ಎಂಬ ಮಾತು ನಮ್ಮಲ್ಲಿ ಸಹಜವಾಗಿ ಹೊರಡುತ್ತದೆ. ಆ ಮಾತಿನಲ್ಲಿ ನೋವಿದೆ, ಪರಿಹಾರವಿಲ್ಲ.

ಕಳ್ಳತಾಣದಲ್ಲಿ ನೋಡಿದ ಚಿತ್ರ ಯಾರ ಲೆಕ್ಕಕ್ಕೂ ಸಿಗದು. ಚಂದಾ ಕಟ್ಟಿ ನೋಡಿದರೆ, ಎಷ್ಟು ಮಂದಿ, ಯಾವ ಭಾಗದಲ್ಲಿ, ಕೊನೆತನಕ ನೋಡಿದರೆಂಬುದು ಆ ಸಂಸ್ಥೆಯ ದಾಖಲೆಗೆ ಹೋಗುತ್ತದೆ. ಮುಂದಿನ ಕನ್ನಡ ಚಿತ್ರವನ್ನು ಕೊಳ್ಳಬೇಕೆ, ಎಷ್ಟಕ್ಕೆ ಎಂಬ ತೀರ್ಮಾನದಲ್ಲಿ ಆ ಅಂಕಿಗಳಿಗೆ ಸ್ಥಾನವಿದೆ. ಜನಗಣತಿಯಲ್ಲಿ ಮಾತೃಭಾಷೆಯ ಎದುರು 'ಕನ್ನಡ' ಎಂದೇ ಬರೆಸಿರೆಂದು ಹೇಳುವ ನಾವು ಇಲ್ಲಿ ಲೆಕ್ಕ ತಪ್ಪಿಸಿಕೊಂಡರೆ ಹೇಗೆ?

2023ರ 'ಡೇರ್‌ಡೆವಿಲ್ ಮುಸ್ತಫಾ' ಚಿತ್ರಕ್ಕೆ ಹಣ ಹೂಡಿದವರು ಪೂರ್ಣಚಂದ್ರ ತೇಜಸ್ವಿಯವರ ಸುಮಾರು ನೂರು ಮಂದಿ ಅಭಿಮಾನಿಗಳು. ಅದರ ಕಳ್ಳಪ್ರತಿ ನೋಡುವುದೆಂದರೆ ನಮ್ಮಂಥ ಓದುಗರ ಜೇಬಿಗೇ ಕೈಹಾಕಿದಂತೆ. ಅದೇ ವರ್ಷ ತಿದ್ದುಪಡಿಯಾದ ಸಿನೆಮಟೋಗ್ರಾಫ್ ಕಾಯ್ದೆ, ಚಿತ್ರವನ್ನು ಕದ್ದು ಮುದ್ರಿಸಿಕೊಂಡು ಹಂಚುವವರಿಗೆ 3 ವರ್ಷಗಳವರೆಗೆ ಸೆರೆವಾಸ ವಿಧಿಸುತ್ತದೆ. ನಮಗಾದರೋ ಸೆರೆಯ ಭಯಕ್ಕಿಂತ ಈ ಜೇಬಿನ ಮಾತೇ ದೊಡ್ಡದೆನಿಸುತ್ತದೆ.

ಚಂದಾ ಹಣ ಎಲ್ಲ ಮನೆಗಳಿಗೂ ಹಗುರವಲ್ಲ. ಒಂದೇ ತಿಂಗಳಿಗೆ ಕಟ್ಟಿ, ನೋಡಬೇಕಾದುದನ್ನು ನೋಡಿ ನಿಲ್ಲಿಸುವವರೂ ನಮ್ಮಲ್ಲಿದ್ದಾರೆ. ಮರಾಠಿ ಮಾಧ್ಯಮದಲ್ಲಿ ಕಲಿಯುವ ಮಕ್ಕಳು ಕನ್ನಡ ಅಕ್ಷರಗಳೆದುರು ತಡವರಿಸಿದರೂ, ಪರದೆಯಲ್ಲಿ ಕೇಳಿದ ಮಾತನ್ನು ಮರುದಿನ ಅಜ್ಜಿಯೊಡನೆ ಆಡಿ ನಗುತ್ತಾರೆ.