ಕೆಂಚನ ನವೆ, ನಮ್ಮ ಹುಳದ ಮನೆ

ಮೊನ್ನೆ ಚಿಕ್ಕಮ್ಮ ಫೋನ್ ಮಾಡಿದ್ರು. "ನಮ್ಮ ನಾಯಿ ರಾತ್ರಿಯೆಲ್ಲ ಕೆರ್ಕೊಂಡು ಕೆರ್ಕೊಂಡು ಸಾಯ್ತಾ ಐತೆ ಕಣವ್ವ, ನಿಮ್ಮ ಕೆಂಚಂಗೆ ಏನು ಮಾಡ್ದೆ ಹೇಳು" ಅಂದ್ರು. ಫೋನಲ್ಲಿ ಹೇಳಿ ಮುಗಿಯೋ ಮಾತಲ್ಲ, ಅದಕ್ಕೆ ಇಲ್ಲಿ ಬರೀತಾ ಇದ್ದೀನಿ. ನಿಮ್ಮಲ್ಲಿ ರೇಷ್ಮೆ ಹುಳ ಮೇಯಿಸೋರು ಇದ್ರೆ ಇದನ್ನ ಪೂರ್ತಿ ಓದಿ.

ಕೆಂಚನ್ನ ನೀವೆಲ್ಲ ನೋಡಿದ್ದೀರಿ. ಜಾತಿ ನಾಯಿ ಏನಲ್ಲ, ಊರ ನಾಯೀನೇ. ಆದ್ರೆ ಕಾಡಂಚಲ್ಲಿ ಇರೋ ನಮ್ಗೆ ನಾಯಿ ಅಂದ್ರೆ ಚೆಂದಕ್ಕೆ ಸಾಕೋದಲ್ಲ. ರಾತ್ರಿ ಕಾಡಿನ ಕಡೆಯಿಂದ ಆನೆ ಇಳಿದ್ರೆ ನಮ್ಗಿಂತ ಮುಂಚೆ ಗೊತ್ತಾಗೋದು ಅವನಿಗೆ.

ಹೋದ ವರ್ಷ ಮಳೆ ಹಿಡಿದ ಮೇಲೆ ಅವನಿಗೆ ನವೆ ಶುರುವಾಯ್ತು. ಮೊದ್ಲು ಬಾಲದ ಬುಡ ಕಚ್ಕೊಳ್ಳೋನು. ಆಮೇಲೆ ತೊಡೆ ಹಿಂದ್ಗಡೆ, ಹೊಟ್ಟೆ ಅಡಿ. ಹದಿನೈದು ದಿನದಲ್ಲಿ ಬಾಲದ ಬುಡದಲ್ಲಿ ಅಂಗೈಯಗಲ ಕೂದ್ಲು ಉದುರಿ, ಚರ್ಮ ಕೆಂಪಗಾಗಿ, ಅಲ್ಲಲ್ಲಿ ರಸಿಗೆ ಒಸರೋದು. ರಾತ್ರಿ ಜಗಲಿ ಮೇಲೆ ಕಾಲು ಬಡಿಯೋ ಸದ್ದು ಒಳಗೆ ಮಲಗಿದ್ದ ನಮಗೂ ಕೇಳೋದು.

ಬಂದೋರೆಲ್ಲ ಒಂದೊಂದು ಮದ್ದು ಹೇಳಿದ್ರು. ನಮ್ಮತ್ತೆ ಬೇವಿನ ಸೊಪ್ಪು, ಅರಿಶಿನ ಅರೆದು ಹಚ್ಚಿದ್ರು. ನಾನು ಕೊಬ್ರಿ ಎಣ್ಣೆ ಹಚ್ಚಿದೆ, ಹಚ್ಚಿದಷ್ಟನ್ನೂ ನೆಕ್ಕಿ ಮುಗಿಸ್ದ. ಟ್ರ್ಯಾಕ್ಟರಿನ ಸುಟ್ಟ ಆಯಿಲ್ ಬಳೀರಿ ಅಂದ್ರು ಒಬ್ರು. ಅದು ಮಾತ್ರ ಮಾಡ್ಲಿಲ್ಲ, ಪುಣ್ಯಕ್ಕೆ. ಆ ಆಯಿಲ್ಲೂ ಸೀಮೆಎಣ್ಣೆನೂ ಚರ್ಮ ಸುಡ್ತವೆ, ನೆಕ್ಕಿದ್ರೆ ಹೊಟ್ಟೆಗೆ ವಿಷ.

ಕೊನೆಗೆ ನಮ್ಮನೆಯೋರು ಒಂದು ಅಂಗಡಿಯಿಂದ ದನದ ಉಣ್ಣೆಗೆ ಹೊಡೆಯೋ ಔಷಧಿ ತಂದ್ರು. ನೀರಿಗೆ ಬೆರ್ಸಿ ನಾಯಿ ಮೈಗೂ ಜಗಲಿಗೂ ಹೊಡೀರಿ ಅಂತ ಹೇಳಿದ್ನಂತೆ ಅಂಗಡಿಯೋನು. ಬಾಟ್ಲಿ ನೋಡಿ ನನ್ನ ಎದೆ ಧಸಕ್ಕಂತು. ಹುಳ ನಾಲ್ಕನೇ ಜ್ವರ ಎದ್ದು ಎರಡು ದಿನ ಆಗಿತ್ತು, ಹಗಲೂ ರಾತ್ರಿ ಸೊಪ್ಪು ತಿಂತಾ ಇದ್ವು. ಇನ್ನೊಂದು ವಾರಕ್ಕೆ ಹಣ್ಣಾಗಿ ಚಂದ್ರಿಕೆಗೆ ಬಿಡ್ಬೇಕು. ಹುಳದ ಮನೆ ಬಾಗ್ಲಿಗೂ ಆ ಜಗಲಿಗೂ ನಾಲ್ಕು ಹೆಜ್ಜೆ.

ಹುಳದ ಮನೇಲಿ ಸೊಳ್ಳೆ ಬತ್ತಿನೂ ಹಚ್ಚಲ್ಲ ನಾವು. ಉಣ್ಣೆ ಔಷಧೀಲಿ ಇರೋದೂ ಬಹಳ ಸಲ ಅದೇ ಜಾತಿ ವಿಷ, ಅದಕ್ಕಿಂತ ಜೋರು. ಗಾಳೀಲಿ ಒಂದಿಷ್ಟು ಬಂದ್ರೂ, ಸೊಪ್ಪು ಹಾಕೋ ಕೈಗೆ ಒಂದಿಷ್ಟು ಅಂಟಿದ್ರೂ ಹುಳ ತಲೆ ಆಡಿಸಿ, ವಾಂತಿ ಮಾಡಿ, ಕುಗ್ಗಿ ಸಾಯ್ತವೆ. ಇದು ಚಿಗಟ, ಇದು ರೇಷ್ಮೆ ಹುಳ ಅಂತ ಆ ಬಾಟ್ಲಿಗೆ ಭೇದ ಗೊತ್ತಾ?

ಹೊಡೀಬೇಡಿ ಅಂದೆ. ನಮ್ಮನೆಯೋರಿಗೆ ಸಿಟ್ಟು ಬಂತು. "ಹಂಗಾದ್ರೆ ನಾಯೀನ ಸಂಗಮದ ರಸ್ತೇಲಿ ಬಿಟ್ಟು ಬತ್ತೀನಿ. ಹುಳ ಹೋದ್ರೆ ಸಾಲ ಯಾರು ತೀರ್ಸೋರು?" ಅಂದ್ರು. ಅವರ ಮಾತೂ ಸುಳ್ಳಲ್ಲ. ಆದ್ರೆ ಕೆಂಚ ಅಲ್ಲೇ ಕೂತು ನಮ್ಮಿಬ್ಬರ ಮುಖ ನೋಡ್ತಾ ಇದ್ದ. ಒಂದೇ ಒಂದು ದಿನ ಟೈಮ್ ಕೊಡಿ ಅಂತ ಕೇಳಿ, ಬೆಳಿಗ್ಗೆ ಆಟೋದಲ್ಲಿ ಹಾಕ್ಕೊಂಡು ಪಶು ಆಸ್ಪತ್ರೆಗೆ ಹೋದೆ.

ಡಾಕ್ಟ್ರು ಹೇನಿನ ಬಾಚಣಿಗೆ ಅಂಥದ್ದು ತಗೊಂಡು ಬಾಲದ ಬುಡ ಬಾಚಿದ್ರು. ಕರೀ ಎಳ್ಳಿನ ಪುಡಿ ಹಂಗೆ ಏನೋ ಉದುರ್ತು. ಅದನ್ನ ಒದ್ದೆ ಹತ್ತಿ ಮೇಲೆ ಇಟ್ಟು ತೋರ್ಸಿದ್ರು. ಸುತ್ತ ಕೆಂಪಗೆ ಬಿಟ್ಕೊಂತು. "ಮಣ್ಣಲ್ಲಮ್ಮ, ಚಿಗಟದ ಹಿಕ್ಕೆ. ಕುಡಿದ ರಕ್ತಾನೇ ಹಿಂಗೆ ಬರೋದು" ಅಂದ್ರು. ಚರ್ಮ ಕೆರೆದು ನೋಡಿ ಕಜ್ಜಿ ಹುಳ ಇಲ್ಲ ಅಂದ್ರು. ಇವನಿಗೆ ಇರೋದು ಅಲರ್ಜಿ, ಚಿಗಟ ಕಚ್ಚುವಾಗ ಬಿಡೋ ಎಂಜಲು ಇವನ ಮೈಗೆ ಒಗ್ಗಲ್ಲ. ಬೇರೆ ನಾಯಿಗೆ ಹತ್ತು ಕಚ್ಚಿದ್ರೂ ತಡ್ಕೊಳ್ಳುತ್ತೆ, ಇವನಿಗೆ ಒಂದೆರಡು ಕಚ್ಚಿದ್ರೂ ದಿನಗಟ್ಲೆ ನವೆ.

ಆಮೇಲೆ ಹೇಳಿದ ಮಾತು ಕೇಳಿ ನಂಗೆ ನಗು ಬಂತು. ಚಿಗಟದ ಮರೀನೂ ನೂಲು ಸುತ್ಕೊಂಡು ಗೂಡು ಕಟ್ಟುತ್ತಂತೆ, ನಮ್ಮ ರೇಷ್ಮೆ ಹುಳದಂಗೆ! ನಾಯಿ ಮೈಮೇಲೆ ಕಾಣೋ ಚಿಗಟ ಸ್ವಲ್ಪ. ಮೊಟ್ಟೆ ಉದುರಿ ಬಿದ್ದು, ಮರಿಯಾಗಿ, ಗೂಡು ಕಟ್ಟೋದೆಲ್ಲ ಅದು ಮಲಗೋ ಜಾಗದಲ್ಲಿ. ಗೂಡಿನೊಳಗೆ ಇರೋದಕ್ಕೆ ಔಷಧಿ ತಾಗಲ್ಲ, ತಿಂಗಳುಗಟ್ಲೆ ಕಾಯ್ಕೊಂಡು ಕೂತಿರುತ್ತೆ. ನಾವು ನಾಯಿ ಮೈಗೆ ಏನೇನೋ ಬಳಿದಿದ್ದೇ ಬಳಿದಿದ್ದು, ಅವನು ಮಲಗೋ ಗೋಣಿ ತಾಟು ಎತ್ತಿ ನೋಡಿರ್ಲಿಲ್ಲ.

ಮನೇಲಿ ಹುಳ ಐತೆ ಅಂತ ಮೊದಲೇ ಹೇಳಿದ್ದೆ. ನೀವೂ ಹೇಳ್ಬೇಕು. ಅದಕ್ಕೆ ಸಿಂಪಡಿಸೋದು, ಬೆನ್ನಿಗೆ ಹಾಕೋದು ಬಿಟ್ಟು, ತೂಕ ನೋಡಿ, ತಿನ್ನಿಸೋ ಮಾತ್ರೆ ಕೊಟ್ರು. ಚಿಗಟ ಕಚ್ಚಿದ್ರೆ ಸಾಯುತ್ತೆ, ಒಂದು ತಿಂಗಳು ಬರುತ್ತೆ. ನಾಯಿಗೆ ಯಾವತ್ತಾದ್ರೂ ಫಿಟ್ಸ್ ಬಂದಿತ್ತಾ ಅಂತ ಕೇಳಿ ತಿಳ್ಕೊಂಡೇ ಕೊಟ್ಟಿದ್ದು. ಒಂದು ಮಾತ್ರೆಗೆ ಆಳಿನ ಒಂದು ದಿನದ ಕೂಲಿಗಿಂತ ಜಾಸ್ತಿ ಆಯ್ತು, ಒಂದು ಮಂಕರಿ ಗೂಡಿನ ಮುಂದೆ ಅದೇನು ದೊಡ್ಡದಲ್ಲ. ಜೊತೆಗೆ ನವೆ ಇಳಿಯೋಕೆ ನಾಲ್ಕು ದಿನದ ಮಾತ್ರೆ, ಗಾಯ ತೊಳೆಯೋಕೆ ಔಷಧಿ.

ಮನೆಗೆ ಬಂದು ಹಳೇ ತಾಟು ದೂರ ಒಯ್ದು ಸುಟ್ಟೆ. ಹಾಸೋಕೆ ಎರಡು ಹಳೇ ಸೀರೆ ಮಾಡ್ಕೊಂಡೆ. ವಾರಕ್ಕೊಂದ್ಸಲ ಒಂದನ್ನ ಕುದಿಯೋ ನೀರಲ್ಲಿ ನೆನೆಸಿ ಬಿಸ್ಲಿಗೆ ಹಾಕೋದು, ಇನ್ನೊಂದನ್ನ ಹಾಸೋದು. ಜಗಲಿ ಬಿರುಕಿಗೆಲ್ಲ ಮಣ್ಣು ಮೆತ್ತಿ ಸಾರಿಸ್ದೆ. ದಿನಾ ಮೂಲೆ ಮೂಲೆ ಗುಡಿಸಿ ಕಸ ಸುಟ್ಟೆ. ಕೆಂಚನ್ನ ಕೊಟ್ಟಿಗೆ ಪಕ್ಕಕ್ಕೆ ಕಟ್ಟಿದೆ. ಅವನ ಕೆಲಸ ನಂದು, ಸೊಪ್ಪಿನ ಕೆಲಸ ಅತ್ತೆದು, ಕೈ ಬೆರೆಸ್ಲಿಲ್ಲ. ಪಕ್ಕದ ಮನೆ ನಾಯಿ ಬಂದು ಜೊತೇಲಿ ಮಲಗೋದಲ್ವಾ, ಆ ಅಕ್ಕಂಗೂ ಹೇಳಿ ಅದಕ್ಕೂ ಮಾತ್ರೆ ಹಾಕ್ಸಿದೆ. ಒಂದೇ ಮನೆಯೋರು ಮಾಡಿದ್ರೆ ಪ್ರಯೋಜನ ಇಲ್ಲ.

ನವೆ ಜೋರಾದಾಗ ತಣ್ಣೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಕೆಂಪಾದ ಜಾಗದ ಮೇಲೆ ಐದು ನಿಮಿಷ ಇಟ್ರೆ ಸಮಾಧಾನ ಆಗೋದು. ಸ್ನಾನಕ್ಕೆ ಬಿಸಿನೀರು ಬೇಡ, ನವೆ ಜಾಸ್ತಿಯಾಗುತ್ತೆ. ನಾವು ಹಾಕೋ ಸೋಪೂ ಬೇಡ, ನಾಯಿ ಶಾಂಪೂನೇ ಹಾಕಿ ಹತ್ತು ನಿಮಿಷ ಬಿಟ್ಟು ಚೆನ್ನಾಗಿ ತೊಳೆದು ಒರೆಸ್ಬೇಕು. ಕಚ್ಕೊಳ್ದೆ ಇರ್ಲಿ ಅಂತ ಮಗನ ಹಳೇ ಬನಿಯನ್ನನ್ನ ಹಿಂದುಮುಂದಾಗಿ ತೊಡಿಸಿ ಬಾಲಕ್ಕೆ ತೂತು ಮಾಡಿದ್ದೆ. ಊರೆಲ್ಲ ನಕ್ಕಿದ್ದು ನೆನಪೈತಲ್ಲ?

ನಾಲ್ಕನೇ ದಿನಕ್ಕೆ ರಾತ್ರಿ ಸದ್ದು ನಿಂತಿತ್ತು. ಹುಳ ಹಣ್ಣಾಗಿ ಚಂದ್ರಿಕೆ ಹತ್ತಿದ್ವು. ಗೂಡು ರಾಮನಗರದ ಮಾರ್ಕೆಟ್ಟಿಗೆ ಹೋಗೋ ಹೊತ್ತಿಗೆ ಕೆಂಚನ ಗಾಯ ಒಣಗಿತ್ತು. ಅವತ್ತು ನಮ್ಮನೆಯೋರು ಮಾರ್ಕೆಟ್ಟಿಂದ ಬರುವಾಗ ಅವನಿಗೆ ಅಂತ ಒಂದು ಬನ್ನು ತಂದ್ರು. ಸಂಗಮದ ರಸ್ತೆ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ವಾಸಿಯಾಯ್ತು ಅಂತ ನಿಲ್ಲಿಸ್ದೆ ಇನ್ನೆರಡು ತಿಂಗಳು ಮಾತ್ರೆ ಹಾಕಿದೆ, ಉಳಿದ ಗೂಡು ಒಡೆದು ಬರೋವು ಇರ್ತವಲ್ಲ.

ಚಿಕ್ಕಮ್ಮ, ನಿಮ್ಮ ನಾಯಿದೂ ಇದೇ ಅಂತ ನಾನು ಹೇಳಲ್ಲ. ಬಾಲದ ಬುಡ ಬಾಚಿ ಒದ್ದೆ ಹತ್ತಿ ಮೇಲೆ ಉದುರ್ಸಿ ನೋಡಿ. ಕೆಂಪು ಬಿಟ್ಕೊಂಡ್ರೆ ಚಿಗಟ ಐತೆ ಅಂತ. ಪಾದ ನೆಕ್ಕೋದು, ಕಿವಿ ಕೆರೆಯೋದು ಜಾಸ್ತಿ ಇದ್ರೆ ಧೂಳು, ಹುಲ್ಲು, ಇಲ್ಲ ತಿನ್ನೋ ಊಟದ ಅಲರ್ಜಿ ಇರ್ಬೋದು. ಊಟದ್ದು ಅಂತ ಗುಮಾನಿ ಬಂದ್ರೆ, ಇದುವರೆಗೂ ತಿನ್ನದೇ ಇರೋ ಒಂದು ಊಟಾನ ಡಾಕ್ಟ್ರು ಹೇಳ್ದಂಗೆ ಎಂಟು ವಾರ ಹಾಕಿ ನೋಡ್ಬೇಕು, ಮಧ್ಯೆ ಒಂದು ಬಿಸ್ಕತ್ತೂ ಕೊಡಂಗಿಲ್ಲ. ಮನೆ ಜನಕ್ಕೂ ಕಡಿತ, ಗುಳ್ಳೆ ಬಂದಿದ್ರೆ ಕಜ್ಜಿ ಇರ್ಬೋದು, ಬೇಗ ತೋರ್ಸಿ. ನಿಮ್ಮ ಶೀತ, ಜ್ವರದ ಮಾತ್ರೆ ಮಾತ್ರ ನಾಯಿಗೆ ಹಾಕ್ಬೇಡಿ, ಜೀವಕ್ಕೆ ಅಪಾಯ. ಒಂದು ಇಂಜೆಕ್ಷನ್ನಿಗೆ ನವೆ ನಿಂತ್ರೂ, ಕಾರಣ ಹುಡುಕ್ದೆ ಇದ್ರೆ ತಿರ್ಗ ಬರುತ್ತೆ.

ಮೊದ್ಲು ಅದು ಮಲಗೋ ತಾಟು ಎತ್ತಿ ನೋಡಿ, ಆಮೇಲೆ ಫೋನ್ ಮಾಡಿ.